ಕಾದಂಬರಿಯ ಮೊದಲ ಕರಡನ್ನು ಕೊನೆ ಮುಟ್ಟಿಸುವ ಬಗೆ

ನನ್ನ ಮೊದಲ ಕಾದಂಬರಿಯ ಮೊದಲ ಅಧ್ಯಾಯವನ್ನು ನಾನು 11 ಸಲ ಬರೆದೆ. ಎರಡನೆಯದನ್ನು ನಾಲ್ಕು ಸಲ, ಏಳನೆಯದನ್ನು ಒಂದೇ ಸಲ. ಎಂಟನೆಯ ಅಧ್ಯಾಯ ಮೂರು ವರ್ಷ ಬರಿಯ ಶೀರ್ಷಿಕೆಯಾಗಿಯೇ ಉಳಿಯಿತು. ಆ ಮೂರು ವರ್ಷ ನಾನು ಸುಮ್ಮನಿರಲಿಲ್ಲ. ವಾರಕ್ಕೆ ನಾಲ್ಕೈದು ದಿನ ಬರೆಯಲು ಕೂರುತ್ತಿದ್ದೆ, ಕೂತಾಗಲೆಲ್ಲ ಮೊದಲಿನಿಂದ ಓದಿಕೊಂಡು ಬರುತ್ತಿದ್ದೆ, ಓದುತ್ತ ತಿದ್ದುತ್ತಿದ್ದೆ, ತಿದ್ದಿ ಮುಗಿಯುವಷ್ಟರಲ್ಲಿ ಅಂದಿನ ಸಮಯ ತೀರಿರುತ್ತಿತ್ತು. ಕೊನೆಗೊಮ್ಮೆ ಹಟ ಹಿಡಿದು ಕರಡನ್ನು ಪೂರ್ತಿ ಬರೆದಾಗ ತಿಳಿದದ್ದು, ಕಥೆ ನಿಜವಾಗಿ ಆರಂಭವಾಗುವುದು ಮೂರನೆಯ ಅಧ್ಯಾಯದಿಂದ ಎಂಬ ಸಂಗತಿ. 11 ಸಲ ಬರೆದ ಆ ಅಧ್ಯಾಯದಿಂದ ಮುಂದಿನ ಕರಡಿಗೆ ಬಂದದ್ದು ಎರಡು ಪ್ಯಾರಾ ಮಾತ್ರ.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಕಾದಂಬರಿಯ ಆರಂಭ ಹೇಗಿರಬೇಕೆಂದು ತೀರ್ಮಾನಿಸುವುದು ಅದರ ಅಂತ್ಯ. ಮೊದಲ ಪುಟದಲ್ಲಿ ಯಾರು ಕಾಣಿಸಿಕೊಳ್ಳಬೇಕು, ಯಾವ ವಸ್ತು ಓದುಗರ ಕಣ್ಣಿಗೆ ಬೀಳಬೇಕು, ಯಾವ ಮಾತನ್ನು ಹೇಳದೆ ಉಳಿಸಿಕೊಳ್ಳಬೇಕು ಎಂಬುದೆಲ್ಲ ಕೊನೆಯ ಪುಟದಲ್ಲಿ ಏನಾಗುತ್ತದೆ ಎಂಬುದರ ಮೇಲೆ ನಿಂತಿದೆ. ಆ ಕೊನೆಯ ಪುಟವೇ ಇನ್ನೂ ಹುಟ್ಟದಿರುವಾಗ ಮೊದಲ ಪುಟವನ್ನು ತಿದ್ದುವವರು ವಾಕ್ಯಗಳ ನಯವನ್ನು ತಿದ್ದಬಲ್ಲರು, ಕಥೆಯನ್ನು ತಿದ್ದಲಾರರು. ಆದ್ದರಿಂದ ಮೊದಲ ಕರಡಿಗಿರುವ ಕೆಲಸ ಒಂದೇ: ಕೊನೆಯ ಪುಟವನ್ನು ತಂದುಕೊಡುವುದು. ಅದು ಚೆನ್ನಾಗಿರಬೇಕಾಗಿಲ್ಲ, ಯಾರಿಗೂ ತೋರಿಸುವಂತಿರಬೇಕಾಗಿಲ್ಲ, ಇಡಿಯಾಗಿರಬೇಕು. ಮುಂದೆ ಹೇಳುವ ಕ್ರಮಗಳೆಲ್ಲ ಈ ತಿಳುವಳಿಕೆಯಿಂದ ಹುಟ್ಟಿದವು.

ದಿನದ ಲೆಕ್ಕ

ಕಾದಂಬರಿ ಬರೆಯಬೇಕೆಂದಿರುವವರಲ್ಲಿ ಬಹಳ ಮಂದಿ ದೊಡ್ಡದೊಂದು ಬಿಡುವಿಗಾಗಿ ಕಾಯುತ್ತಾರೆ. ಅಂಥ ಬಿಡುವು ಸಿಗುವುದೇ ಅಪರೂಪ, ಸಿಕ್ಕಾಗಲೂ ಬರೆಯುವ ಅಭ್ಯಾಸವಿಲ್ಲದ ಕೈಗೆ ಅದರಿಂದ ಹೆಚ್ಚಿನ ಪ್ರಯೋಜನವಾಗುವುದಿಲ್ಲ. ಲೆಕ್ಕವನ್ನು ಇನ್ನೊಂದು ಕಡೆಯಿಂದ ಹಾಕಿ ನೋಡಿ. ದಿನಕ್ಕೆ 300 ಪದ, ವಾರಕ್ಕೆ ಐದು ದಿನ ಎಂದಿಟ್ಟುಕೊಂಡರೆ ವಾರಕ್ಕೆ 1,500 ಪದವಾಯಿತು. 30 ವಾರಕ್ಕೆ 45,000 ಪದ. ಕನ್ನಡದಲ್ಲಿ ಅದು ಸಾಧಾರಣ ಗಾತ್ರದ ಕಾದಂಬರಿಗೆ ಸಾಕಾಗುವಷ್ಟು ಬರವಣಿಗೆ. 300 ಪದವೆಂದರೆ ಒಂದು ಹಾಳೆಯ ಎರಡು ಮಗ್ಗುಲು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬರವಣಿಗೆಯ ಬಗೆಗಿನ ಇಂಗ್ಲಿಷ್ ಕೈಪಿಡಿಗಳಲ್ಲಿ ಕಾಣುವ ಪದಸಂಖ್ಯೆಯ ಗುರಿಗಳನ್ನು ಕನ್ನಡಕ್ಕೆ ಹಾಗೆಯೇ ತಂದುಕೊಂಡರೆ ನಿಮಗೆ ನೀವೇ ಅನ್ಯಾಯ ಮಾಡಿಕೊಂಡಂತೆ. ನಮ್ಮ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ, ಕ್ರಿಯಾಪದವೇ ಕಾಲವನ್ನೂ ಕರ್ತೃವನ್ನೂ ಹೊತ್ತಿರುತ್ತದೆ. ‘ಮನೆಯಲ್ಲಿ’ ಎಂಬುದು ನಮಗೆ ಒಂದು ಪದ, ಇಂಗ್ಲಿಷಿಗೆ ಮೂರು. ‘ಬಂದಿದ್ದಳು’ ಎಂಬಲ್ಲಿಯೂ ಅಷ್ಟೇ. ಅದೇ ದೃಶ್ಯ, ಅದೇ ಶ್ರಮ, ಆದರೆ ಎಣಿಕೆ ಗಣನೀಯವಾಗಿ ಕಡಿಮೆ. ಇದನ್ನು ಗಮನಿಸದೆ, ದಿನಕ್ಕೆ 1,000 ಪದದ ಗುರಿ ಇಟ್ಟುಕೊಂಡು ವಾರದೊಳಗೆ ಸೋತು ಕೈಬಿಟ್ಟವರನ್ನು ನಾನು ಬಲ್ಲೆ. ಎಣಿಕೆಯೇ ಕಿರಿಕಿರಿಯಾದರೆ ಪುಟದ ಲೆಕ್ಕ ಇಟ್ಟುಕೊಳ್ಳಿ.

ಗುರಿಯನ್ನು ನಿಮ್ಮ ಒಳ್ಳೆಯ ದಿನಕ್ಕೆ ತಕ್ಕಂತೆ ನಿಗದಿ ಮಾಡಬೇಡಿ. ಕೆಲಸದಿಂದ ದಣಿದು ಬಂದ, ತಲೆ ನೋಯುತ್ತಿರುವ ದಿನವೂ ಮುಟ್ಟಬಹುದಾದಷ್ಟಕ್ಕೆ ನಿಗದಿ ಮಾಡಿ. ಹೆಚ್ಚು ಬರೆದ ದಿನ ಸಂತೋಷಪಡಿ, ಆದರೆ ಅದನ್ನು ಮರುದಿನದ ಲೆಕ್ಕಕ್ಕೆ ಜಮಾ ಮಾಡಬೇಡಿ. ತಪ್ಪಿದ ದಿನವನ್ನು ಸಾಲವೆಂದೂ ಬರೆದುಕೊಳ್ಳಬೇಡಿ. ಸಾಲ ಬೆಳೆಯುತ್ತ ಹೋದರೆ ಮೇಜಿನ ಕಡೆಗೆ ಮುಖ ಹಾಕಲೂ ಮನಸ್ಸು ಬಾರದು.

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರಿ ಮಾಡುತ್ತಲೇ ಹತ್ತಾರು ಕಾದಂಬರಿಗಳನ್ನು ಬರೆದರು. ಬೆಳಗಿನ ಐದೂವರೆಗೆ ಬರೆಯಲು ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದ ಬರಬೇಕೆಂದು ತಮಗೆ ತಾವೇ ಕಟ್ಟಳೆ ಹಾಕಿಕೊಂಡಿದ್ದಾಗಿ 1883ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಆ ವೇಗ ನಮಗೆ ಮಾದರಿಯಾಗಬೇಕಿಲ್ಲ. ನಮಗೆ ಬೇಕಾದದ್ದು ಅವರ ಇನ್ನೊಂದು ಅಭ್ಯಾಸ: ದಿನ ದಿನವೂ ಎಷ್ಟು ಪುಟವಾಯಿತೆಂದು ಒಂದು ದಿನಚರಿಯಲ್ಲಿ ದಾಖಲಿಸುತ್ತಿದ್ದರು. ನೀವೂ ಒಂದು ಹಾಳೆಯಲ್ಲಿ ತಾರೀಖು, ಅಂದಿನ ಪದ, ಈವರೆಗಿನ ಒಟ್ಟು ಪದ ಎಂದು ಮೂರು ಕಲಂ ಗೆರೆ ಹಾಕಿಕೊಳ್ಳಿ. ಕಾದಂಬರಿ ಮುಂದೆ ಹೋಗುತ್ತಲೇ ಇಲ್ಲ ಎಂದು ಮನಸ್ಸು ಹೇಳುವ ದಿನ ಆ ಮೂರನೆಯ ಕಲಂ ಬೇರೆ ಮಾತು ಹೇಳುತ್ತದೆ, ಮತ್ತು ಮನಸ್ಸಿಗಿಂತ ಅದನ್ನು ಹೆಚ್ಚು ನಂಬಬಹುದು.

ಹಿಂದೆ ಹೋಗದೆ ತಿದ್ದುವುದು

ಬರೆಯುತ್ತ ಹೋದಂತೆ ಕಥೆ ಬದಲಾಗುತ್ತದೆ. ಬದಲಾಗದಿದ್ದರೆ ಅದರಲ್ಲಿ ಜೀವವಿಲ್ಲವೆಂದೇ ಅರ್ಥ. ಬದಲಾದದ್ದಕ್ಕೆ ತಕ್ಕಂತೆ ಹಿಂದಿನದನ್ನು ಈಗಲೇ ಸರಿಪಡಿಸಬೇಕೆಂಬ ತುಡಿತ ಮಾತ್ರ ಕರಡಿಗೆ ಮಾರಕ. ಅದಕ್ಕೆ ನಾನು ಕಂಡುಕೊಂಡ ಉಪಾಯ ಒಂದು ಸಣ್ಣ ನೋಟ್‌ಬುಕ್. ತಿದ್ದುಪಡಿಗಳೆಲ್ಲ ಅದರೊಳಗೆ ಹೋಗಬೇಕು, ಕರಡಿನೊಳಗೆ ಹೋಗಬಾರದು.

ನನ್ನ ಕಥಾನಾಯಕಿಗೆ ಆರಂಭದಲ್ಲಿ ಒಬ್ಬ ಅಣ್ಣನಿದ್ದ. ಒಂಬತ್ತನೆಯ ಅಧ್ಯಾಯಕ್ಕೆ ಬಂದಾಗ ಆ ಜಾಗದಲ್ಲಿ ಅಕ್ಕ ಇರಬೇಕಿತ್ತೆಂದು ನಿಚ್ಚಳವಾಗಿ ಕಂಡಿತು. ಹಳೆಯ ಅಭ್ಯಾಸವಾಗಿದ್ದರೆ ಎಂಟು ಅಧ್ಯಾಯಗಳನ್ನು ಮತ್ತೆ ತೆರೆದು ಅಣ್ಣನನ್ನು ತೆಗೆದುಹಾಕುತ್ತ ಎರಡು ತಿಂಗಳು ಕಳೆಯುತ್ತಿದ್ದೆ. ಈ ಸಲ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದುಕೊಂಡೆ: “ಅಣ್ಣ ಬೇಡ, ಅಕ್ಕ. 2ನೆಯ ಅಧ್ಯಾಯದಲ್ಲಿ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಜೊತೆಗಿದ್ದವಳು ಇವಳೇ. ಆವತ್ತಿನ ಒಂದು ಮಾತಿಗೆ ಇವಳಿಗೆ ಇಂದಿಗೂ ಸಿಟ್ಟು.” ಇಷ್ಟು ಬರೆದು, ಮೊದಲಿನಿಂದಲೂ ಅಕ್ಕನೇ ಇದ್ದಳೆಂಬಂತೆ ಅದೇ ವಾಕ್ಯದ ಮುಂದಿನ ವಾಕ್ಯಕ್ಕೆ ಹೋದೆ. ಹದಿನಾಲ್ಕನೆಯ ಅಧ್ಯಾಯದಲ್ಲಿ ಆ ಅಕ್ಕ ಮತ್ತು ಪಕ್ಕದ ಮನೆಯ ಹೆಂಗಸು ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದಾರೆಂದು ತಿಳಿದು, ಇಬ್ಬರನ್ನೂ ಒಂದೇ ಪಾತ್ರವಾಗಿಸಿದೆ. ಒಂಬತ್ತರಲ್ಲಿ ಹಿಂದಕ್ಕೆ ಹೋಗಿದ್ದರೆ ಆ ಎರಡು ತಿಂಗಳ ಕೆಲಸ ಪೂರ್ತಿ ವ್ಯರ್ಥವಾಗುತ್ತಿತ್ತು.

ಕರಡಿನ ಒಳಗೆ ಬಳಸಬಹುದಾದ ಇನ್ನೊಂದು ಸಾಧನ ಚೌಕ ಆವರಣ ಚಿಹ್ನೆ. ಒಂದು ಹೆಸರು ಹೊಳೆಯದಿದ್ದರೆ, ಒಂದು ವಿವರ ಗೊತ್ತಿಲ್ಲದಿದ್ದರೆ, ಒಂದಿಡೀ ದೃಶ್ಯ ಇಂದು ಬರೆಯಲಾಗದಿದ್ದರೆ, ಅದರ ಜಾಗವನ್ನು ಆವರಣದೊಳಗೆ ಕಾಯ್ದಿರಿಸಿ: “[ಇಲ್ಲಿ ಕೋರ್ಟಿನ ದೃಶ್ಯ. ತೀರ್ಪು ಅವಳ ವಿರುದ್ಧ. ಹೊರಗೆ ಬಂದಾಗ ಅವಳು ಅಳುವುದಿಲ್ಲ, ಚಪ್ಪಲಿ ಹುಡುಕುತ್ತಾಳೆ. ವಕೀಲರ ಮಾತಿನ ಧಾಟಿ ವಿಚಾರಿಸಬೇಕು.]” ಈ ನಾಲ್ಕು ಸಾಲಿನಲ್ಲಿ ದೃಶ್ಯದ ತಿರುಳು ಇದೆ. ಮುಂದಿನ ಅಧ್ಯಾಯಕ್ಕೆ ಬೇಕಾದದ್ದು ಆ ತಿರುಳು ಮಾತ್ರ. ಕರಡು ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಆ ಚಿಹ್ನೆಯನ್ನು ಹುಡುಕಿದರೆ ಬಿಟ್ಟ ಜಾಗಗಳೆಲ್ಲ ಒಂದೊಂದಾಗಿ ಸಿಗುತ್ತವೆ. ಹೀಗೆ ಬಿಟ್ಟ ದೃಶ್ಯಗಳಲ್ಲಿ ಕೆಲವು ಮುಂದೆ ಬೇಕೇ ಆಗುವುದಿಲ್ಲ.

ದಿನವೂ ಎಷ್ಟು ಹಿಂದಕ್ಕೆ ಓದಬಹುದು ಎಂಬ ಪ್ರಶ್ನೆ ಬರುತ್ತದೆ. ನಿನ್ನೆ ಬರೆದದ್ದನ್ನು ಓದಿ. ಧಾಟಿ ಕಿವಿಗೆ ಸಿಗಲು ಅಷ್ಟು ಸಾಕು. ಅಧ್ಯಾಯಕ್ಕೊಂದು ಪ್ರತ್ಯೇಕ ಕಡತ ಮಾಡಿಕೊಂಡರೆ ಮುಗಿದ ಅಧ್ಯಾಯಗಳು ಕಣ್ಣಿಗೆ ಬೀಳುವುದಿಲ್ಲ. ಕೈಬರಹದವರು ಮುಗಿದ ಹಾಳೆಗಳನ್ನು ಬೇರೆ ಕೋಣೆಯಲ್ಲಿಡಬಹುದು.

ಎಲ್ಲಿ ನಿಲ್ಲಿಸಬೇಕು

ದೃಶ್ಯ ಮುಗಿದಲ್ಲಿ ಅಂದಿನ ಬರವಣಿಗೆಯನ್ನೂ ನಿಲ್ಲಿಸುವುದು ನಮಗೆಲ್ಲ ಸಹಜವಾಗಿ ಬರುವ ಅಭ್ಯಾಸ. ಆದರೆ ಹಾಗೆ ಮಾಡಿದರೆ ಮರುದಿನ ಖಾಲಿ ಜಾಗದಿಂದ ಹೊರಡಬೇಕಾಗುತ್ತದೆ. ಅರ್ನೆಸ್ಟ್ ಹೆಮಿಂಗ್ವೇ ‘ಪ್ಯಾರಿಸ್ ರಿವ್ಯೂ’ ಪತ್ರಿಕೆಯಲ್ಲಿ 1958ರಲ್ಲಿ ಪ್ರಕಟವಾದ ಸಂದರ್ಶನದಲ್ಲಿ, ಇನ್ನೂ ಕಸುವಿರುವಾಗಲೇ, ಮುಂದೇನಾಗುತ್ತದೆ ಎಂಬುದು ಗೊತ್ತಿರುವಾಗಲೇ ನಿಲ್ಲಿಸುವ ತಮ್ಮ ಅಭ್ಯಾಸವನ್ನು ವಿವರಿಸಿದ್ದಾರೆ. ನಾನು ಇದನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ: ಸಂಭಾಷಣೆಯ ನಡುವೆ, ಒಬ್ಬರು ಪ್ರಶ್ನೆ ಕೇಳಿದ್ದಾರೆ, ಇನ್ನೊಬ್ಬರ ಉತ್ತರ ನನಗೆ ಗೊತ್ತಿದೆ, ಅಲ್ಲಿ ನಿಲ್ಲಿಸುತ್ತೇನೆ. ಮರುದಿನ ಕೂತ ಕೂಡಲೇ ಆ ಉತ್ತರವನ್ನು ಬರೆಯುತ್ತೇನೆ, ಅಷ್ಟರಲ್ಲಿ ಕೈ ಓಡತೊಡಗಿರುತ್ತದೆ.

ನಡುಭಾಗ

ಹೆಚ್ಚಿನ ಕರಡುಗಳು ಸಾಯುವುದು ಇಲ್ಲಿ. ಆರಂಭವನ್ನು ಉತ್ಸಾಹ ಬರೆಸುತ್ತದೆ, ಅಂತ್ಯವನ್ನು ಇನ್ನೇನು ಬಂತೆಂಬ ಆತುರ ಬರೆಸುತ್ತದೆ. ನಡುಭಾಗವನ್ನು ನಾವೇ ಬರೆಯಬೇಕು. ಕರಡಿನ ಮೂರನೆಯ ಒಂದು ಭಾಗ ದಾಟುವ ಹೊತ್ತಿಗೆ ಎರಡು ಸಂಗತಿಗಳು ಒಟ್ಟಿಗೇ ಎದುರಾಗುತ್ತವೆ. ಬರೆಯಲು ಕೂರುವ ಮೊದಲೇ ತಲೆಯಲ್ಲಿ ಸಿದ್ಧವಾಗಿದ್ದ ಕಥೆ ಖರ್ಚಾಗಿರುತ್ತದೆ; ಹಾಳೆಯ ಮೇಲೆ ಬಂದದ್ದು ತಲೆಯಲ್ಲಿದ್ದುದರಷ್ಟು ಚೆನ್ನಾಗಿಲ್ಲ ಎಂಬುದೂ ಖಚಿತವಾಗಿರುತ್ತದೆ. ಸರಿಯಾಗಿ ಆ ಸಮಯಕ್ಕೇ ಇನ್ನೊಂದು ಕಾದಂಬರಿಯ ಕಲ್ಪನೆ ಹೊಳೆಯುತ್ತದೆ, ಮತ್ತು ಅದು ಇದಕ್ಕಿಂತ ಎಲ್ಲ ರೀತಿಯಲ್ಲೂ ಮೇಲಾಗಿ ಕಾಣುತ್ತದೆ. ಅದನ್ನು ಅರ್ಧ ಪುಟದಲ್ಲಿ ಗುರುತು ಹಾಕಿ ಎತ್ತಿಡಿ. ಅದಕ್ಕೂ ಒಂದು ನಡುಭಾಗ ಇದ್ದೇ ಇದೆ, ಅಲ್ಲಿ ತಲುಪಿದಾಗ ಮೂರನೆಯದೊಂದು ಹೊಳೆಯುತ್ತದೆ.

ಸ್ಫೂರ್ತಿ ಬತ್ತಿತು ಎಂದು ಹೇಳಿ ಬಿಡುವುದರಿಂದ ಏನೂ ಸಿಗುವುದಿಲ್ಲ. ಕಥೆ ನಿಂತುಹೋಗುವುದಕ್ಕೆ ಬಹಳ ಸಲ ಹೆಸರಿಟ್ಟು ಹೇಳಬಹುದಾದ ಕಾರಣವಿರುತ್ತದೆ ಎಂಬುದು ನನ್ನ ಅನುಭವ. ಆ ಕಾರಣವನ್ನು ಹುಡುಕುವುದೇ ಅಂದಿನ ಕೆಲಸ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕಾರಣ, ಪಾತ್ರಗಳಿಗೆ ಕಳೆದುಕೊಳ್ಳುವಂಥದ್ದು ಏನೂ ಇಲ್ಲದಿರುವುದು. ನನ್ನ ಎರಡನೆಯ ಕಾದಂಬರಿಯ ಕರಡಿನಲ್ಲಿ ಇಬ್ಬರು ಅಣ್ಣತಮ್ಮಂದಿರು ತಂದೆ ತೀರಿಕೊಂಡ ಮೇಲೆ ಮನೆ ಮಾರುವ ಬಗ್ಗೆ ಮಾತನಾಡುತ್ತಿದ್ದರು. ಮೂವತ್ತು ಪುಟ ಮಾತನಾಡಿದರು. ಮಾತು ಚೆನ್ನಾಗಿಯೇ ಇತ್ತು, ಹಳೆಯ ನೆನಪುಗಳು ಬರುತ್ತಿದ್ದವು, ಆದರೆ ಕಥೆ ಒಂದು ಹೆಜ್ಜೆಯೂ ಕದಲಲಿಲ್ಲ, ನನಗೂ ಬರೆಯಲು ಕೂರುವುದೆಂದರೆ ಬೇಸರ ಬರತೊಡಗಿತು. ಒಂದು ದಿನ ಬೇರೆ ಹಾಳೆ ತೆಗೆದುಕೊಂಡು ಎರಡೇ ಪ್ರಶ್ನೆ ಬರೆದೆ. ಇವತ್ತು ಸಂಜೆಯೊಳಗೆ ಏನೂ ತೀರ್ಮಾನವಾಗದೆ ಹೋದರೆ ಅಣ್ಣನಿಗೇನು ನಷ್ಟ? ತಮ್ಮನಿಗೇನು ನಷ್ಟ? ಯಾರಿಗೂ ಏನೂ ನಷ್ಟವಿರಲಿಲ್ಲ. ಅವರು ಇನ್ನೂ ಒಂದು ವರ್ಷ ಹಾಗೆಯೇ ಮಾತನಾಡಿಕೊಂಡಿರಬಹುದಿತ್ತು. ಆಗ ತಮ್ಮ ಈಗಾಗಲೇ ಮುಂಗಡ ಹಣ ತೆಗೆದುಕೊಂಡಿದ್ದಾನೆ, ಅದನ್ನು ಖರ್ಚು ಮಾಡಿದ್ದಾನೆ, ಅಣ್ಣನಿಗೆ ಹೇಳಿಲ್ಲ, ಕೊಳ್ಳುವವರು ನಾಳೆ ಬೆಳಿಗ್ಗೆ ಮನೆ ನೋಡಲು ಬರುತ್ತಾರೆ ಎಂದು ಮಾಡಿದೆ. ಹಿಂದಿನ ಮೂವತ್ತು ಪುಟದ ಒಂದು ಸಾಲನ್ನೂ ಮುಟ್ಟಲಿಲ್ಲ. ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ ಅಷ್ಟೇ. ಮರುದಿನ ಅದೇ ಇಬ್ಬರು ಅದೇ ಕೋಣೆಯಲ್ಲಿ ಕೂತರು. “ಅಪ್ಪನ ಕನ್ನಡಕ ಎಲ್ಲಿಟ್ಟೆ?” ಎಂದು ಅಣ್ಣ ಕೇಳಿದ. ಆ ಒಂದು ಸಾಧಾರಣ ಪ್ರಶ್ನೆಗೆ ತಮ್ಮ ಬೆಚ್ಚಿಬಿದ್ದ. ಕನ್ನಡಕ ಮನೆಯ ಕಾಗದಪತ್ರಗಳಿದ್ದ ಪೆಟ್ಟಿಗೆಯಲ್ಲಿತ್ತು.

ಎರಡನೆಯ ಕಾರಣ ಸ್ವಲ್ಪ ಮರೆಯಲ್ಲಿರುತ್ತದೆ. ಕಥೆ ನಿಂತ ಜಾಗದಲ್ಲಿ ತಪ್ಪಿರುವುದಿಲ್ಲ, ಹತ್ತು ಹದಿನೈದು ಪುಟ ಹಿಂದೆ ಇರುತ್ತದೆ. ಅಲ್ಲಿ ಯಾವುದೋ ಪಾತ್ರ ತನ್ನ ಸ್ವಭಾವಕ್ಕೆ ವಿರುದ್ಧವಾಗಿ, ಕೇವಲ ಕಥೆಗೆ ಬೇಕೆಂಬ ಕಾರಣಕ್ಕೆ, ಒಂದು ಕೆಲಸ ಮಾಡಿರುತ್ತದೆ: ಸ್ವಾಭಿಮಾನಿಯಾದವಳು ಸುಲಭವಾಗಿ ಕ್ಷಮಿಸಿರುತ್ತಾಳೆ, ಅನುಮಾನದ ಮನುಷ್ಯ ಪತ್ರವನ್ನು ಓದದೆ ಸಹಿ ಮಾಡಿರುತ್ತಾನೆ. ಅಲ್ಲಿಂದ ಮುಂದೆ ನೀವು ಎಳೆದರೂ ಆ ಪಾತ್ರ ಬರುವುದಿಲ್ಲ. ಆ ಪುಟಗಳನ್ನು ಓದಿ, ತಿರುವು ಎಲ್ಲಿ ತಪ್ಪಿತೆಂದು ಗುರುತಿಸಿ, ಸರಿಯಾದ ತಿರುವನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲಿನಲ್ಲಿ ಬರೆದು, ಅವಳು ಕ್ಷಮಿಸಿಲ್ಲವೆಂದೇ ಇಟ್ಟುಕೊಂಡು ಇಂದಿನ ಪುಟದಿಂದ ಮುಂದಕ್ಕೆ ಬರೆಯಿರಿ. ಹಿಂದಕ್ಕೆ ಹೋಗಬಾರದೆಂಬ ನಿಯಮವನ್ನು ಇದು ಮುರಿಯುವುದಿಲ್ಲ. ಓದಲು ಹಿಂದೆ ಹೋಗಬಹುದು, ತಿದ್ದಲು ಹೋಗಬಾರದು.

ಮೂರನೆಯದು ಭಯ. ಮುಂದಿನ ದೃಶ್ಯ ಯಾವುದೆಂದು ಚೆನ್ನಾಗಿ ಗೊತ್ತಿದ್ದೂ ಅದರ ಸುತ್ತ ಸುತ್ತುತ್ತೇವೆ, ಪ್ರಯಾಣವನ್ನು ವರ್ಣಿಸುತ್ತೇವೆ, ಹವಾಮಾನವನ್ನು ವರ್ಣಿಸುತ್ತೇವೆ. ಮಗುವಿನ ಸಾವು, ತಾಯಿಯ ಮುಂದೆ ಆಡಬೇಕಾದ ಕಠಿಣ ಮಾತು, ನಮ್ಮದೇ ಬದುಕಿಗೆ ಹತ್ತಿರವಾದ ಒಂದು ಅವಮಾನ, ಹೀಗೆ ಏನಾದರೂ ಆಗಿರಬಹುದು. ಬರೆಯಲು ಹಿಂಜರಿಯುವ ದೃಶ್ಯದಲ್ಲಿಯೇ ಸಾಮಾನ್ಯವಾಗಿ ಕಾದಂಬರಿಯ ಜೀವವಿರುತ್ತದೆ, ಆದ್ದರಿಂದ ಅದನ್ನು ತಪ್ಪಿಸಿ ಮುಗಿಸಿದ ಕರಡು ಕರಡಾಗುವುದಿಲ್ಲ. ಅದನ್ನು ಮರುದಿನ ಮೊದಲ ಕೆಲಸವಾಗಿ, ಕೆಟ್ಟದಾಗಿ, ಬೇಗ ಬೇಗ ಬರೆಯಿರಿ. ಯಾರೂ ಓದುವುದಿಲ್ಲ ಎಂಬ ಅಭಯ ಮೊದಲ ಕರಡಿನಲ್ಲಿ ಮಾತ್ರ ಸಿಗುತ್ತದೆ.

ಮಾಹಿತಿ ಸಾಲದು ಎಂಬ ಕಾರಣವೂ ಇದೆ. ಅದು ನಿಜವಾಗಿದ್ದರೆ ಆವರಣ ಚಿಹ್ನೆ ಹಾಕಿ ಮುಂದೆ ಹೋಗಿ. ಅಧ್ಯಯನ ಬರವಣಿಗೆಯನ್ನು ಮುಂದೂಡುವ ಗೌರವಯುತ ದಾರಿಯೂ ಆಗಬಲ್ಲದು, ಹಾಗಾಗಿ ಅದಕ್ಕೆ ಬರೆಯುವ ಹೊತ್ತನ್ನು ಕೊಡಬೇಡಿ.

ಮೊದಲೇ ಪೂರ್ತಿ ರೂಪುರೇಷೆ ಹಾಕಿಕೊಳ್ಳಬೇಕೇ ಎಂಬ ಚರ್ಚೆಗೆ ಕೊನೆಯಿಲ್ಲ. ಎರಡೂ ಬಗೆಯವರು ಒಳ್ಳೆಯ ಕಾದಂಬರಿ ಬರೆದಿದ್ದಾರೆ. ಯಾವ ಬಗೆಯವರಿಗೂ ಉಪಯೋಗವಾಗುವುದು, ನಡುಭಾಗಕ್ಕೆ ಬಂದಾಗ ಈವರೆಗೆ ಬರೆದ ದೃಶ್ಯಗಳನ್ನು ದೃಶ್ಯಕ್ಕೊಂದು ಸಾಲಿನಂತೆ ಪಟ್ಟಿ ಮಾಡುವುದು. ಪ್ರತಿ ಸಾಲಿನಲ್ಲಿ ಆ ದೃಶ್ಯದ ಕೊನೆಗೆ ಏನು ಬದಲಾಯಿತು ಎಂಬುದನ್ನಷ್ಟೇ ಬರೆಯಿರಿ. ಏನೂ ಬದಲಾಗದ ದೃಶ್ಯಗಳು ಸಾಲಾಗಿ ಮೂರು ಬಂದರೆ ರೋಗ ಎಲ್ಲಿದೆಯೆಂದು ಕಂಡಿತು.

ಬರೆಯಲಾಗದ ದಿನಗಳು

ಕೆಲವು ದಿನ ಕಾರಣವೂ ಸಿಗುವುದಿಲ್ಲ, ಪದವೂ ಬರುವುದಿಲ್ಲ. ಜಾನ್ ಸ್ಟೈನ್‌ಬೆಕ್ 1938ರಲ್ಲಿ ತಮ್ಮ ದೊಡ್ಡ ಕಾದಂಬರಿಯೊಂದನ್ನು ಬರೆಯುತ್ತಿದ್ದಾಗ ಜೊತೆಜೊತೆಗೆ ಒಂದು ದಿನಚರಿಯನ್ನೂ ಬರೆಯುತ್ತಿದ್ದರು. ತಮ್ಮ ಸಾಮರ್ಥ್ಯದ ಬಗೆಗಿನ ಅನುಮಾನ, ಸೋಮಾರಿತನದ ಭಯ, ಮನೆಯ ಗದ್ದಲ ಎಲ್ಲವೂ ಅದರಲ್ಲಿದೆ. ಆ ಅಳುಕನ್ನು ಅಲ್ಲಿ ಬಿಟ್ಟು ಅವರು ಕಾದಂಬರಿಗೆ ಹೋಗುತ್ತಿದ್ದರು. ಇದು ಕೆಲಸ ಮಾಡುತ್ತದೆ. ಹತ್ತು ನಿಮಿಷ, ಕೈಗೆ ಬಂದಂತೆ, ಇಂದು ಯಾಕೆ ಬರೆಯಲಾರೆ ಎಂಬುದನ್ನು ಬರೆಯಿರಿ. ದೂರು ಮುಗಿಯುವ ಹೊತ್ತಿಗೆ ಬಹುಪಾಲು ಸಲ ಮುಂದಿನ ದೃಶ್ಯದ ಬಗ್ಗೆ ಒಂದು ವಾಕ್ಯ ತಾನಾಗಿ ಬಂದಿರುತ್ತದೆ.

ಕೈ ಓಡದಿದ್ದರೆ ಬಾಯಿಯಿಂದ ಹೇಳಿ ನೋಡಬಹುದು. ದಾಸ್ತೊಯೆವ್‌ಸ್ಕಿ 1866ರಲ್ಲಿ ಪ್ರಕಾಶಕನ ಕರಾರಿನ ಗಡುವು ಕುತ್ತಿಗೆಗೆ ಬಂದಾಗ ಶೀಘ್ರಲಿಪಿ ಬಲ್ಲ ತರುಣಿಯೊಬ್ಬಳಿಗೆ ಹೇಳಿ ಬರೆಸಿ, 26 ದಿನಗಳಲ್ಲಿ ಒಂದು ಕಾದಂಬರಿ ಮುಗಿಸಿದರು. ಈಗ ಫೋನಿನಲ್ಲಿ ಕನ್ನಡ ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯವಿದೆ. ಕಾಗುಣಿತದ ತಪ್ಪುಗಳು ಬಹಳ ಬರುತ್ತವೆ, ಆದರೆ ಸಂಭಾಷಣೆಗೆ ಇದು ಬಹಳ ಒಳ್ಳೆಯದು. ಬರೆಯುವಾಗ ಗ್ರಂಥಸ್ಥವಾಗಿಬಿಡುವ ಮಾತು ಬಾಯಲ್ಲಿ ಮಾತಾಗಿಯೇ ಬರುತ್ತದೆ.

ಅನಾರೋಗ್ಯದಿಂದಲೋ ಮನೆಯ ಕೆಲಸದಿಂದಲೋ ತಿಂಗಳುಗಟ್ಟಲೆ ಬಿಟ್ಟುಹೋಗಿದ್ದರೆ ಮೊದಲಿನಿಂದ ಓದಿಕೊಂಡು ಬರುವ ಆಸೆಗೆ ಬೀಳಬೇಡಿ. ದೃಶ್ಯಗಳ ಪಟ್ಟಿ, ನೋಟ್‌ಬುಕ್, ಕೊನೆಯ ಐದು ಪುಟ, ಇಷ್ಟನ್ನು ಓದಿ. ಮೊದಲ ವಾರ ಗುರಿಯನ್ನು ಅರ್ಧಕ್ಕಿಳಿಸಿ.

ಅರ್ಧ ಕರಡನ್ನು ಯಾರಿಗೂ ಓದಲು ಕೊಡಬೇಡಿ, ಎಷ್ಟೇ ಹತ್ತಿರದವರಿಗೂ. ಹೊಗಳಿದರೆ ಬರೆಯುವ ಹಸಿವು ಅಲ್ಲೇ ತೀರುತ್ತದೆ, ತೆಗಳಿದರೆ ಮೊದಲ ಅಧ್ಯಾಯಕ್ಕೆ ಮರಳುತ್ತೀರಿ.

ಕೊನೆಯ ಪುಟಗಳು

ಅಂತ್ಯ ಹತ್ತಿರವಾದಾಗ ಬರವಣಿಗೆ ವಿಚಿತ್ರವಾಗಿ ನಿಧಾನವಾಗುವುದುಂಟು. ಮುಗಿದ ಮೇಲೆ ಅದನ್ನು ಇದ್ದ ಹಾಗೆ ನೋಡಬೇಕಾಗುತ್ತದೆ ಎಂಬ ಅಳುಕು ಒಂದು ಕಡೆ, ಇಷ್ಟು ದಿನ ಜೊತೆಗಿದ್ದ ಪಾತ್ರಗಳನ್ನು ಬಿಟ್ಟುಕೊಡುವ ಸಂಕಟ ಇನ್ನೊಂದು ಕಡೆ. ಈ ಸಂಕಟ ನಿಜವಾದದ್ದು, ನಾಚಿಕೆಪಡುವಂಥದ್ದಲ್ಲ. ಇಲ್ಲಿ ಕ್ರಮ ತಪ್ಪಿಸಿ ಬರೆಯುವುದು ಉಪಯೋಗಕ್ಕೆ ಬರುತ್ತದೆ: ಕಟ್ಟಕಡೆಯ ದೃಶ್ಯವನ್ನು ಮೊದಲು ಬರೆದುಬಿಡಿ, ಆ ಮೇಲೆ ಅಲ್ಲಿಗೆ ತಲುಪಿಸುವ ಎರಡು ಮೂರು ದೃಶ್ಯಗಳನ್ನು ಬರೆಯಿರಿ. ಅಂತ್ಯ ತಪ್ಪಾಗಿರಬಹುದು. ತಪ್ಪಾದ ಅಂತ್ಯವಿರುವ ಕರಡನ್ನು ತಿದ್ದಬಹುದು, ಅಂತ್ಯವಿಲ್ಲದ ಕರಡನ್ನು ತಿದ್ದಲಾಗದು.

ಕೊನೆಯ ವಾಕ್ಯ ಬರೆದ ದಿನ ತಾರೀಖು ಹಾಕಿ, ಕರಡಿನ ಎರಡು ಪ್ರತಿ ತೆಗೆದು ಬೇರೆ ಬೇರೆ ಕಡೆ ಇಡಿ. ಕೈಬರಹವಾಗಿದ್ದರೆ ಪ್ರತಿ ಹಾಳೆಯ ಫೋಟೊ ತೆಗೆದುಕೊಳ್ಳಿ. ನಂತರ ಒಂದೂವರೆ ತಿಂಗಳಾದರೂ ಅದನ್ನು ತೆರೆಯಬೇಡಿ. ಬರೆದ ಕೈಗೆ ಅದು ಸ್ವಲ್ಪ ಅಪರಿಚಿತವಾಗಬೇಕು. ಮತ್ತೆ ತೆಗೆದಾಗ ಸಾಧ್ಯವಾದರೆ ಮುದ್ರಿಸಿ, ಕೈಯಲ್ಲಿ ಪೆನ್ನು ಹಿಡಿಯದೆ, ಎರಡು ಮೂರು ದಿನದೊಳಗೆ ಪೂರ್ತಿ ಓದಿ. ನೋಟ್‌ಬುಕ್ಕನ್ನು ಆ ಓದಿನ ನಂತರ ತೆರೆಯಿರಿ. ಅದರಲ್ಲಿರುವ ಟಿಪ್ಪಣಿಗಳಲ್ಲಿ ಯಾವುವು ಇನ್ನೂ ನಿಜವಾಗಿವೆಯೋ ಅವುಗಳ ಮುಂದೆ ಒಂದು ಗುರುತು ಹಾಕಿಕೊಂಡು, ಮೊದಲ ಅಧ್ಯಾಯವನ್ನು ಆಗ ತಿದ್ದಲು ತೆಗೆದುಕೊಳ್ಳಿ.